ಯೋಬನ ಪುಸ್ತಕವನ್ನು ಮೂರನೆಯ ಅಧ್ಯಾಯದಿಂದಲೂ ಓದಬೇಕು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಆಧ್ಯಾತ್ಮಿಕ ಅಂಕಣದಲ್ಲಿ ಕ್ರೈಸ್ತ ಜೀವನದ ಕಷ್ಟ ಮತ್ತು ತಾಳ್ಮೆಯ ಕುರಿತು ಈಚೆಗೆ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಕಷ್ಟವೆಂಬುದು ದೇವರು ನಡೆಸುವ ಶಾಲೆ, ಅಲ್ಲಿ ಕಲಿಸುವ ಮೊದಲ ಪಾಠ ತಾಳ್ಮೆ, ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಬೈಬಲಿನ ಯೋಬನ ಹಾಗೆ ಗೊಣಗದೆ ಎಲ್ಲವನ್ನೂ ಸ್ವೀಕರಿಸುವವನೇ ನಿಜವಾದ ವಿಶ್ವಾಸಿ ಎಂಬುದು ಅದರ ತಿರುಳು. ಲೇಖಕರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಉಪದ್ರವದಿಂದ ತಾಳ್ಮೆ ಹುಟ್ಟುತ್ತದೆ ಎಂಬ ಮಾತನ್ನು ನಾನೂ ನಂಬುತ್ತೇನೆ. ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ಗಂಡನ ಆರೈಕೆ ಮಾಡಿದವಳಾದ್ದರಿಂದ ಅದು ಹುಟ್ಟುವುದನ್ನು ಹತ್ತಿರದಿಂದ ಕಂಡಿದ್ದೇನೆ. ಆದರೆ ಅದು ಹೇಗೆ ಹುಟ್ಟುತ್ತದೆ, ಯಾರ ನಡುವೆ ಹುಟ್ಟುತ್ತದೆ, ಅದನ್ನು ಯಾರು ಯಾರಿಗೆ ಬೋಧಿಸಬಹುದು ಎಂಬ ವಿಷಯದಲ್ಲಿ ಆ ಲೇಖನ ಹೇಳಿದ್ದಕ್ಕೂ ನಮ್ಮ ಸತ್ಯವೇದ ಹೇಳುವುದಕ್ಕೂ ಬಹಳ ಅಂತರವಿದೆ ಎಂದು ತೋರಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ತುಸು ದೀರ್ಘವಾದರೂ ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಧಾರವಾಡ ಸೀಮೆಯ ಹಳೆಯ ಬಾಸೆಲ್ ಮಿಷನ್ ಸಭೆಯೊಂದರಲ್ಲಿ, ಅಂದರೆ ಆ ಹೆಸರಿನ ಕ್ರೈಸ್ತ ಮಿಷನರಿ ಸಂಸ್ಥೆ ಕಟ್ಟಿದ ಚರ್ಚಿನಲ್ಲಿ, ಬೆಳೆದವಳು, ಪ್ರೌಢಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ನಿವೃತ್ತಿಯ ಮರುವರ್ಷ ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ನಮ್ಮ ಮನೆಯವರ ಬಲಗೈಯಿಂದ ರೊಟ್ಟಿಯ ತುಣುಕು ಜಾರಿ ಬಿತ್ತು. ಬಾಯಿ ಒಂದು ಕಡೆಗೆ ವಾಲಿತು, ಮಾತು ತೊದಲಿತು. ಸುದ್ದಿ ತಿಳಿದು ಓಡಿ ಬಂದ ಬಂಧುಗಳು, ನೆರೆಯವರು ಸುತ್ತ ನಿಂತು ಪ್ರಾರ್ಥಿಸಿದರು. ಪ್ರಾರ್ಥನೆ ಮುಗಿದ ಮೇಲೆ, ಒಳ್ಳೆಯ ಮನಸ್ಸಿನಿಂದಲೇ, "ತಾಳ್ರಿ ಟೀಚರ್, ಗಾಬರಿ ಆಗಬ್ಯಾಡ್ರಿ, ಬೆಳಗಾಗೂದ್ರೊಳಗ ದೇವರು ಸರಿ ಮಾಡ್ತಾನ" ಎಂದರು. ನಾವು ತಾಳಿದೆವು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವಾ ಹೊಡೆದಾಗ ಆ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸುಮಾರು ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ ಎಂಬುದು ನಮಗೆ ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ತಿಳಿಯಿತು. ಆ ಔಷಧಿ ಅವರಿಗೆ ಖಂಡಿತ ಹಿಡಿಸುತ್ತಿತ್ತು ಎಂದು ನಾನು ಹೇಳಲಾರೆ. ಆ ರಾತ್ರಿಯ ಹತ್ತು ಗಂಟೆಗಳನ್ನು ನಾವು ತಾಳ್ಮೆ ಎಂಬ ಹೆಸರಿನಲ್ಲಿ ಕಳೆದುಕೊಂಡೆವು ಎಂಬುದನ್ನು ಮಾತ್ರ ಇಂದಿಗೂ ಮರೆತಿಲ್ಲ. ಈ ಪತ್ರವನ್ನು ಓದುವ ಯಾರ ಮನೆಯಲ್ಲಾದರೂ ಹೀಗೆ ಬಾಯಿ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ, ದಯವಿಟ್ಟು ಆ ಕ್ಷಣವೇ ವಾಹನ ಹತ್ತಿಸಿ. ಪ್ರಾರ್ಥನೆಯನ್ನು ದಾರಿಯಲ್ಲಿಯೂ ಮಾಡಬಹುದು.

ಅನಂತರದ ವರ್ಷಗಳಲ್ಲಿ ನಮ್ಮ ಮನೆಗೆ ಬಂದವರು ನೂರಾರು ಜನ. ಬಹುತೇಕರು ಹಾಸಿಗೆಯ ಬಳಿ ನಿಂತು ಯೋಬನನ್ನು ನೆನಪಿಸಿದರು. ಹೀಗೆ ನೆನಪಿಸುವವರು ಯೋಬನ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ಓದಿ, ನೇರವಾಗಿ ಕೊನೆಯ ಅಧ್ಯಾಯಕ್ಕೆ ಹಾರಿ, ಅಲ್ಲಿ ಅವನಿಗೆ ಎರಡರಷ್ಟು ಆಸ್ತಿ ತಿರುಗಿ ಬಂದದ್ದನ್ನು ನೋಡಿ ಸಮಾಧಾನಪಡುತ್ತಾರೆ ಎಂಬುದು ನನಗೆ ಕ್ರಮೇಣ ಅರಿವಾಯಿತು. ನಮ್ಮ ಅಂಕಣದ ಲೇಖಕರೂ ಹಾಗೆಯೇ ಓದಿದ್ದಾರೆ. 42 ಅಧ್ಯಾಯಗಳ ಆ ಪುಸ್ತಕದಲ್ಲಿ, ದೇವರು ಕೊಟ್ಟನು ದೇವರೇ ತೆಗೆದುಕೊಂಡನು ಎಂದು ತಲೆಬಾಗಿದ ಯೋಬನು ಮೂರನೆಯ ಅಧ್ಯಾಯದಲ್ಲಿ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಏಳನೆಯ ಅಧ್ಯಾಯದಲ್ಲಿ, ನನಗೆ ಕಾವಲಿಡಲು ನಾನೇನು ಸಮುದ್ರವೇ ಎಂದು ದೇವರನ್ನೇ ಕೇಳುತ್ತಾನೆ. ಉಗುಳು ನುಂಗುವಷ್ಟು ಹೊತ್ತಾದರೂ ನನ್ನನ್ನು ಬಿಡಬಾರದೇ ಎಂದು ಹಲುಬುತ್ತಾನೆ. ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರು ಬಂದ ಮೊದಲಲ್ಲಿ ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತು ಒಂದು ಮಾತನ್ನೂ ಆಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಮಾತು ಶುರುವಾದ ಮೇಲೆ ಅವರು ಆಡಿದ್ದು, ನಮ್ಮ ಮನೆಯಲ್ಲಿ ನಾನು ಕೇಳಿದ ಅವೇ ಮಾತುಗಳು: ಎಲ್ಲೋ ತಪ್ಪಿರಬೇಕು, ದೇವರು ತಿದ್ದುತ್ತಿದ್ದಾನೆ, ದೂರಬೇಡ, ತಾಳು. ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಆ ಉಪದೇಶಕರ ಮೇಲೆಯೇ. ನನ್ನ ದಾಸನಾದ ಯೋಬನು ಆಡಿದಂತೆ ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಲಿಲ್ಲ ಎಂದು ಆತನು ಎಲೀಫಜನಿಗೆ ಹೇಳುತ್ತಾನೆ. ಯೋಬನ ತಾಳ್ಮೆಯನ್ನು ಹೊಗಳುವ, ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆಯ (ಪತ್ರದ) ಐದನೆಯ ಅಧ್ಯಾಯ ಈ ಇಡೀ ಕಥೆಯನ್ನು ಬಲ್ಲ ಓದುಗರಿಗೇ ಬರೆದದ್ದು. ಆದ್ದರಿಂದ ಅಷ್ಟೆಲ್ಲ ಕೂಗಿ, ಅತ್ತು, ವಾದಿಸಿಯೂ ದೇವರ ಮುಂದಿನಿಂದ ಎದ್ದು ಹೋಗದೆ ಇದ್ದುದಕ್ಕೇ ಯೋಬನ ತಾಳ್ಮೆ ಎಂಬ ಹೆಸರು ಬಂದಿದೆ ಎಂದು ನಾನು ತಿಳಿದಿದ್ದೇನೆ.

ನಮ್ಮ ಕನ್ನಡದ 'ತಾಳು' ಎಂಬ ಮಾತಿನಲ್ಲಿಯೂ ಇದೆಲ್ಲ ಅಡಗಿದೆ. "ತಾಳು, ಬಂದೆ" ಎಂದಾಗ ಅದು ಕಾಯುವುದು. "ಈ ನೋವನ್ನು ತಾಳಲಾರೆ" ಎಂದಾಗ ಹೊರುವುದು. "ಈ ತೊಲೆ ಇನ್ನು ಹತ್ತು ವರ್ಷ ತಾಳುತ್ತದೆ" ಎಂದಾಗ ಮುರಿಯದೆ ಉಳಿಯುವುದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ, ಆದಿ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನು ಬಳಸುವ 'ಹುಪೊಮೊನೆ' ಎಂಬ ಪದಕ್ಕೆ ಹೊರೆಯ ಅಡಿಯಲ್ಲಿ ನಿಂತಿರುವುದು ಎಂಬ ಅರ್ಥ ಮೂಲದಲ್ಲಿದೆ. ಸಿಟ್ಟಿಗೇಳಲು ತಡಮಾಡುವ ಗುಣಕ್ಕೆ ಬೇರೆಯೇ ಪದವಿದ್ದು, ಅದನ್ನು ನಮ್ಮ ಹಳೆಯ ಅನುವಾದಕರು 'ದೀರ್ಘಶಾಂತಿ' ಎಂದು ಸೊಗಸಾಗಿ ಕನ್ನಡಿಸಿದ್ದಾರೆ. ಈ ಎರಡರಲ್ಲಿ ಯಾವುದಕ್ಕೂ ಬಾಯಿ ಮುಚ್ಚಿಕೊಂಡಿರುವುದು ಎಂಬ ಅರ್ಥವಿಲ್ಲ. ತೊಲೆಯೂ ಭಾರ ಹೆಚ್ಚಾದಾಗ ಕಿರುಗುಟ್ಟುತ್ತದೆ. ಆ ಸದ್ದನ್ನು ಕೇಳಿ ಮನೆಯವರು ಎಚ್ಚೆತ್ತು ಇನ್ನೊಂದು ಕಂಬವನ್ನು ಆನಿಸುತ್ತಾರೆ.

ನನ್ನ ಅನುಭವವನ್ನು ಹೇಳುತ್ತೇನೆ. ಲಕ್ವಾ ಹೊಡೆದ ಅನೇಕರ ಹಾಗೆ ನಮ್ಮ ಮನೆಯವರಿಗೂ ನುಂಗುವ ಶಕ್ತಿ ಕುಂದಿತ್ತು. ನೀರಿನಂತೆ ತೆಳುವಾದದ್ದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗುವ ಅಪಾಯವಿದ್ದುದರಿಂದ, ಗಂಜಿಯನ್ನು ಗಟ್ಟಿ ಮಾಡಿ, ನುಚ್ಚಿನಲ್ಲಿ ಬೇಳೆಯನ್ನು ಕಿವುಚಿ, ಅವರನ್ನು ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ಕೆಳಗೆ ಬಾಗಿಸಿ, ಅರ್ಧರ್ಧ ಚಮಚ ಉಣಿಸಬೇಕಾಗಿತ್ತು. ಒಂದು ತುತ್ತು ಬಾಯಿಗಿಟ್ಟ ಮೇಲೆ ಗಂಟಲಮಣಿ ಮೇಲೆ ಏರಿ ಕೆಳಗಿಳಿಯುವುದನ್ನು ಕಣ್ಣಿಟ್ಟು ನೋಡಬೇಕು. ಅದು ಇಳಿಯುವ ತನಕ ಮುಂದಿನ ಚಮಚವನ್ನು ಎತ್ತುವಂತಿಲ್ಲ. ಅವಸರ ಮಾಡಿದರೆ ಕೆಮ್ಮು, ಕೆಮ್ಮಿದರೆ ಉಂಡದ್ದೆಲ್ಲ ಹೊರಗೆ, ಮತ್ತೆ ಮೊದಲಿನಿಂದ. ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ, ಕೆಲವು ದಿನ ಒಂದು ಗಂಟೆ, ದಿನಕ್ಕೆ ಮೂರು ಸಲ. ಬೆನ್ನಿಗೆ ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು ಇದರ ಮೇಲಿನ ಕೆಲಸ. ಮೂವತ್ತು ವರ್ಷ ಗಂಟೆ ಬಾರಿಸಿದಂತೆ ತರಗತಿಯಿಂದ ತರಗತಿಗೆ ಓಡಿದವಳಿಗೆ ಆ ಚಮಚದ ವೇಗಕ್ಕೆ ಒಗ್ಗುವುದು ಸುಲಭವಾಗಿರಲಿಲ್ಲ. ಎರಡನೆಯ ವರ್ಷ ಒಂದು ಮಧ್ಯಾಹ್ನ ಬಟ್ಟಲನ್ನು ನೆಲಕ್ಕೆ ಕುಕ್ಕಿ ಹಿತ್ತಲಿಗೆ ಹೋಗಿ ನಿಂತೆ. ಗಂಡನ ಮೇಲೂ ದೇವರ ಮೇಲೂ ಸಿಟ್ಟು ಬಂದಿತ್ತು. ಒಳಗೆ ಬಂದಾಗ ಅವರ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ.

ಆ ಸಂಜೆ ನಾನು ಹದಿಮೂರನೆಯ ಕೀರ್ತನೆಯನ್ನು ತೆರೆದೆ. ಅದರ ಮೊದಲ ಎರಡು ವಚನಗಳಲ್ಲಿಯೇ ಇನ್ನೆಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಭಾನುವಾರದ ಆರಾಧನೆಯಲ್ಲಿ ನೂರಾರು ಸಲ ಓದಿದ್ದರೂ ಅದು ಯಾರೋ ಬಟ್ಟಲು ಕುಕ್ಕಿ ಹಿತ್ತಲಿಗೆ ಹೋದವರ ಮಾತು ಎಂದು ನನಗೆ ಹೊಳೆದಿರಲಿಲ್ಲ. ಅದನ್ನು ಗಟ್ಟಿಯಾಗಿ ಓದಿದೆ, ಅವರೂ ಕೇಳಿದರು. ಅಂದಿನಿಂದ ನಾನು ದೂರುವುದನ್ನು ಪ್ರಾರ್ಥನೆಯಿಂದ ಹೊರಗಿಡುವುದನ್ನು ಬಿಟ್ಟೆ. ತಾಳ್ಮೆ ಬಂದದ್ದು ಆಮೇಲೆ, ಅದೂ ಬಹಳ ನಿಧಾನವಾಗಿ. ಎಷ್ಟು ನಿಧಾನವೆಂದರೆ, ಮೂರನೆಯ ವರ್ಷದ ಕೊನೆಗೆ ಒಂದು ದಿನ ಅವರಿಗೆ ಉಣಿಸಿ ಮುಗಿಸಿದ ಮೇಲೆ ನಾನು ಗಡಿಯಾರವನ್ನು ನೋಡಿಯೇ ಇಲ್ಲವೆಂಬುದು ಗಮನಕ್ಕೆ ಬಂತು. ಉಪದ್ರವ, ತಾಳ್ಮೆ, ಅನುಭವಸಿದ್ಧಿ, ನಿರೀಕ್ಷೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪೌಲನು ಹೇಳುವ ಸಾಲನ್ನು ನಾವು ಒಂದೇ ಉಸಿರಿಗೆ ಓದಿಬಿಡುತ್ತೇವೆ. ಅದರ ಒಂದೊಂದು ಅಲ್ಪವಿರಾಮಕ್ಕೆ ಎಷ್ಟೋ ವರ್ಷ ಹಿಡಿಯಬಹುದು. ಆ ಪೌಲನೇ ಕೊರಿಂಥದವರಿಗೆ ಬರೆಯುವಾಗ, ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡದ್ದನ್ನು ಮುಚ್ಚಿಡುವುದಿಲ್ಲ.

ಯಾಕೋಬನ ಪತ್ರಿಕೆ ತಾಳ್ಮೆಗೆ ಯೋಬನಿಗಿಂತ ಮೊದಲು ಒಬ್ಬ ರೈತನನ್ನು ಉದಾಹರಿಸುತ್ತದೆ; ಮುಂಗಾರು ಹಿಂಗಾರು ಮಳೆಗಳು ಬರುವ ತನಕ ಅವನು ಭೂಮಿಯ ಫಲಕ್ಕಾಗಿ ಕಾಯುತ್ತಾನೆ ಎನ್ನುತ್ತದೆ. ಆ ನಾಡಿನಲ್ಲಿ ಮೊದಲ ಮಳೆ ಅಕ್ಟೋಬರ್–ನವೆಂಬರಿನಲ್ಲಿ ಬಿತ್ತನೆಗೆ, ಕೊನೆಯ ಮಳೆ ಮಾರ್ಚ್–ಏಪ್ರಿಲಿನಲ್ಲಿ ಕಾಳು ತುಂಬುವುದಕ್ಕೆ ಬೇಕಾಗುತ್ತದೆ. ನಮ್ಮ ಮುಂಗಾರು ಹಿಂಗಾರುಗಳ ತಿಂಗಳುಗಳು ಬೇರೆ, ಕಾಯುವ ಕಷ್ಟ ಒಂದೇ. ನನ್ನ ತಂದೆಗೆ ಎರೆ ಹೊಲವಿತ್ತು. ಹಿಂಗಾರಿ ಜೋಳವನ್ನು ಬಿತ್ತಿದ ಮೇಲೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಅವರು ಮುಗಿಲು ನೋಡುತ್ತಾ ಕಟ್ಟೆಯ ಮೇಲೆ ಕುಳಿತದ್ದನ್ನು ನಾನು ಕಂಡಿಲ್ಲ. ಎಡೆಕುಂಟೆ ಹೊಡೆದು ನೆಲದ ಬಿರುಕುಗಳನ್ನು ಮುಚ್ಚಿ, ಒಳಗೆ ಉಳಿದಿದ್ದ ತೇವವನ್ನು ಕಾಪಾಡುತ್ತಿದ್ದರು, ಕಳೆ ತೆಗೆಸುತ್ತಿದ್ದರು, ತೆನೆ ಹಾಲುಗಾಳಾದಾಗ ನಸುಕಿನಲ್ಲೇ ಎದ್ದು ಹಕ್ಕಿ ಕಾಯಲು ಹೋಗುತ್ತಿದ್ದರು. ಮಳೆಯನ್ನು ತರುವುದು ತಮ್ಮ ಕೈಯಲ್ಲಿಲ್ಲ ಎಂದು ಅವರು ಬಲ್ಲರು. ತೇವವನ್ನು ಉಳಿಸುವುದು ತಮ್ಮ ಕೈಯಲ್ಲಿದೆ ಎಂದೂ ಬಲ್ಲರು. ಒಂಬತ್ತು ವರ್ಷ ಮಗ್ಗುಲು ಬದಲಿಸುವಾಗ ನನಗೆ ಧೈರ್ಯ ಕೊಟ್ಟದ್ದು ಪ್ರಸಂಗಗಳಿಗಿಂತ ಹೆಚ್ಚಾಗಿ ಈ ನೆನಪು.

ಸಭೆಯ ಹಿರಿಯರು ತಾಳ್ಮೆಯ ಮಾತು ಬಂದಾಗಲೆಲ್ಲ ಹಿಂದಿನವರನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ಬಾಸೆಲ್ ಮಿಷನ್‌ನವರು 1834ರಲ್ಲಿ ಕರಾವಳಿಗೆ ಬಂದು 1837ರಲ್ಲಿ ಧಾರವಾಡಕ್ಕೆ ಏರಿದರು. ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಇಲ್ಲಿಗೆ ಬಂದವರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಮೊದಲ ಹೆಂಡತಿಯನ್ನು ಕಳೆದುಕೊಂಡರು. ತಮ್ಮ ಮಿಷನ್‌ನವರೊಂದಿಗೇ ಭಿನ್ನಾಭಿಪ್ರಾಯಗಳನ್ನು ಸಹಿಸಿದರು. ಜರ್ಮನಿಗೆ ಮರಳಿದ ಮೇಲೆ, ನಿಘಂಟಿನ ಕೆಲಸಕ್ಕಾಗಿಯೇ ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಹಡಗು ಹತ್ತಿದರು. ಸುಮಾರು 70,000 ಪದಗಳ ಆ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಆಗ ಅವರಿಗೆ 62 ವರ್ಷ. ಈ ಕಥೆಯನ್ನು ಹೇಳುವಾಗ ನಾವು ಒಂದನ್ನು ಬಿಟ್ಟುಬಿಡುತ್ತೇವೆ. ಹಳ್ಳಿಹಳ್ಳಿಯ ಜನ ತಂದುಕೊಟ್ಟ ಮಾತುಗಳು, ಕನ್ನಡದ ಪಂಡಿತರ ನೆರವು, ಮನೆಯನ್ನು ನಡೆಸಿದ ಹೆಂಡತಿ, ಇವರಿಲ್ಲದೆ ಕಿಟ್ಟೆಲ್‌ರ ತಾಳ್ಮೆ ಒಂದು ಪುಟವನ್ನೂ ಮುಗಿಸುತ್ತಿರಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ, ಜರ್ಮನ್ ಮಿಷನರಿಗಳನ್ನು ಸರ್ಕಾರ ಶಿಬಿರಗಳಲ್ಲಿಟ್ಟು, ಮಿಷನ್‌ನ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗಲೂ ನಮ್ಮ ಸಭೆಗಳು ಉಳಿದದ್ದು ಜನ ಒಬ್ಬರಿಗೊಬ್ಬರು ಆನಿಕೊಂಡು ನಿಂತದ್ದರಿಂದ.

ನನ್ನ ವಿಷಯದಲ್ಲಿ ಹಾಗೆ ಆನಿಸಿಕೊಂಡವರು ನಮ್ಮ ಸಭೆಯ ಒಬ್ಬ ವೃದ್ಧೆ. ಸ್ತ್ರೀಯರ ಕೂಟದ ಹಿಂದಿನ ಸಾಲಿನಲ್ಲಿ ಕೂರುವವರು, ಓದು ಬರಹ ಅಷ್ಟಕ್ಕಷ್ಟೆ. ಪ್ರತಿ ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಬಂದು, "ನೀ ಹೋಗವಾ, ನಾ ಕುಂದರ್ತೀನಿ" ಎನ್ನುತ್ತಿದ್ದರು. ಬ್ಯಾಂಕಿಗೆ, ಔಷಧಿ ಅಂಗಡಿಗೆ, ಸಂತೆಗೆ, ಕೆಲವೊಮ್ಮೆ ಸುಮ್ಮನೆ ಕೆರೆ ದಂಡೆಗೆ ನಾನು ಹೋಗುತ್ತಿದ್ದೆ. ಆರಕ್ಕೆ ಮರಳುವಾಗ ಅವರು ನಮ್ಮ ಮನೆಯವರ ಸೋತ ಕೈಯ ಬೆರಳುಗಳನ್ನು ಒಂದೊಂದಾಗಿ ನೀವುತ್ತಾ ಕುಳಿತಿರುತ್ತಿದ್ದರು. ಆರು ವರ್ಷದಲ್ಲಿ ತಾಳ್ಮೆಯ ಕುರಿತು ಅವರು ನನಗೆ ಒಂದು ಮಾತನ್ನೂ ಹೇಳಿದ್ದು ನೆನಪಿಲ್ಲ.

ಲೇಖಕರ ಇನ್ನೊಂದು ಮಾತಿಗೆ ನಾನು ಬಲವಾಗಿ ವಿರೋಧ ಸೂಚಿಸಬೇಕಾಗಿದೆ. ಸಂಸಾರದ ಕಷ್ಟಗಳನ್ನು ಸ್ತ್ರೀಯರು ಕ್ರಿಸ್ತನ ಶ್ರಮೆಯನ್ನು ನೆನೆದು ಮೌನವಾಗಿ ಸಹಿಸಬೇಕು ಎಂದು ಅವರು ಬರೆದಿದ್ದಾರೆ. ಶಿಕ್ಷಕಿಯಾಗಿದ್ದಾಗ ವಿದ್ಯಾರ್ಥಿಗಳ ತಾಯಂದಿರು ಕೆನ್ನೆಯ ಬಾವನ್ನು ಸೆರಗಿನಿಂದ ಮುಚ್ಚಿಕೊಂಡು ಬಂದದ್ದನ್ನು ಕಂಡಿದ್ದೇನೆ. ಅವರಲ್ಲಿ ಕೆಲವರಿಗೆ ತಾಳಿಕೋ ಎಂದು ಹೇಳಿ ಕಳುಹಿಸಿದವರು ಸಭೆಯವರೇ. ರೋಗ ಬಂದಾಗ ತಾಳುವುದು ಬೇರೆ, ಹೊಡೆಯುವವನ ಕೈಕೆಳಗೆ ತಾಳುವುದು ಬೇರೆ. ಮಹಾಯಾಜಕನ ಮುಂದೆ ಚಾಕರನೊಬ್ಬನು ಕೆನ್ನೆಗೆ ಹೊಡೆದಾಗ ಯೇಸುವೇ ಸುಮ್ಮನಿರದೆ, ನನ್ನನ್ನು ಯಾಕೆ ಹೊಡೆಯುತ್ತೀ ಎಂದು ಕೇಳಿದ್ದನ್ನು ಯೋಹಾನನ ಸುವಾರ್ತೆ ದಾಖಲಿಸಿದೆ. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸಲು 2005ರಲ್ಲಿ ಬಂದ ಕಾನೂನು ನಮ್ಮ ದೇಶದಲ್ಲಿದೆ. ಸಭಾಪಾಲಕರು ಅದರ ವಿಷಯವನ್ನು ವೇದಿಕೆಯಿಂದ ತಿಳಿಸಿದರೆ ವಿಶ್ವಾಸಕ್ಕೆ ಯಾವ ಕುಂದೂ ಆಗದು. ಲೂಕನ ಸುವಾರ್ತೆಯ ವಿಧವೆಯು ನ್ಯಾಯವನ್ನು ಲಕ್ಷಿಸದ ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋದದ್ದೂ ತಾಳ್ಮೆಯೇ. 1950ರ ರಾಷ್ಟ್ರಪತಿಗಳ ಆದೇಶದಿಂದ ಪರಿಶಿಷ್ಟ ಜಾತಿಯ ಪಟ್ಟಿಯ ಹೊರಗುಳಿದ ದಲಿತ ಕ್ರೈಸ್ತರು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ತೆರೆದುಕೊಂಡ ಮೇಲೆಯೂ ಅರ್ಜಿ ಹಿಡಿದು ನಿಂತಿರುವುದು ಆ ವಿಧವೆಯ ಸಾಲಿನಲ್ಲಿಯೇ. ಅವರಿಗೆ ಯಾರೂ ಸುಮ್ಮನಿರಿ ಎಂದು ಹೇಳಬಾರದು.

ಇದರಿಂದ ಕಷ್ಟದಲ್ಲಿ ದೇವರ ಕೈಯಿಲ್ಲ ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಆ ಒಂಬತ್ತು ವರ್ಷಗಳಲ್ಲಿ ನಾನು ಕಲಿತದ್ದನ್ನು ಬೇರೆ ಯಾವ ದಾರಿಯಿಂದಲೂ ಕಲಿಯುತ್ತಿರಲಿಲ್ಲ ಎಂಬುದು ಸತ್ಯ. ನನಗೆ ಕಲಿಸಲೆಂದೇ ದೇವರು ನನ್ನ ಗಂಡನ ಮಾತನ್ನು ಕಿತ್ತುಕೊಂಡನೆಂಬ ಮಾತನ್ನು ಮಾತ್ರ ನನ್ನ ನಾಲಗೆ ಆಡದು; ಹಾಗೆ ಆಡುವವರು ಎಲೀಫಜನಿಗೆ ಬಂದ ಉತ್ತರವನ್ನು ಒಮ್ಮೆ ಓದಿ ನೋಡಲಿ. ನನ್ನ ತಾಳ್ಮೆಯ ಬಗ್ಗೆ ಮಾತಾಡುವ ಹಕ್ಕು ನನಗುಂಟು. ನನ್ನ ಗಂಡನ ತಾಳ್ಮೆ ನನ್ನದಕ್ಕಿಂತ ದೊಡ್ಡದಾಗಿತ್ತು, ಅದರ ಬಗ್ಗೆ ಹೇಳಬೇಕಾಗಿದ್ದವರು ಅವರು, ಅವರಿಗೆ ಮಾತಿರಲಿಲ್ಲ. ಅವರು ತೀರಿಕೊಂಡು ಈಗ ಎರಡು ವರ್ಷವಾಯಿತು.

ಆ ವೃದ್ಧೆಯೂ ಈಗಿಲ್ಲ. ನಮ್ಮ ಓಣಿಯಾಚೆ ಒಂದು ಮನೆಯಲ್ಲಿ ಲಿಂಗಾಯತ ಹೆಣ್ಣುಮಗಳೊಬ್ಬಳು ತನ್ನ ಮಾವನನ್ನು ನೋಡಿಕೊಳ್ಳುತ್ತಿದ್ದಾಳೆ, ಅವರಿಗೂ ಲಕ್ವಾ. ಗುರುವಾರ ನಾಲ್ಕಕ್ಕೆ ನಾನು ಅಲ್ಲಿಗೆ ಹೋಗುತ್ತೇನೆ. ಅವಳು ಹೊರಗೆ ಹೋಗಿ ಬರುವ ತನಕ ಆ ಹಿರಿಯರಿಗೆ ತಮ್ಮ ಪತ್ರಿಕೆಯ ಮಳೆ ಬೆಳೆಯ ಸುದ್ದಿಯನ್ನೂ ಮಾರುಕಟ್ಟೆಯ ಧಾರಣೆಯನ್ನೂ ಓದಿ ಹೇಳುತ್ತೇನೆ. ಜೋಳದ ಧಾರಣೆ ಬಂದಾಗ ಅವರು ಎಡಗೈಯನ್ನು ಎತ್ತಿ ಇನ್ನೊಮ್ಮೆ ಓದಲು ಸನ್ನೆ ಮಾಡುತ್ತಾರೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಆ ಅಂಕಣದಲ್ಲಿ ತಾಳ್ಮೆಯ ಕುರಿತು ಮುಂದೆ ಬರೆಸುವಾಗ, ಯಾವ ಮತದವರೇ ಆಗಲಿ, ಹಾಸಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವರಿಂದಲೂ ಬರೆಸಿ. ಅವರಿಗೆ ಬರೆಯಲು ಬಿಡುವಿರುವುದಿಲ್ಲ; ತಮ್ಮ ವರದಿಗಾರರೇ ಅವರ ಮನೆಗೆ ಹೋಗಿ, ಉಣಿಸುವ ಹೊತ್ತು ಮುಗಿಯುವ ತನಕ ಕಾದು, ಕೇಳಿ ಬರೆದುಕೊಳ್ಳಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ಧಾರವಾಡ ಜಿಲ್ಲೆ